ಗಗನದ ಹರಿಕಾರ

ಬಳ್ಳಾರಿ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಊರಿನ ನಡುವೆ ತಲೆಯೆತ್ತಿ ನಿಂತ ಬಂಡೆಯ ಬೆಟ್ಟ, ಅದರ ಮೇಲಿನ ಕೋಟೆ, ಸುತ್ತಲೂ ದಿಗಂತದವರೆಗೆ ಹರಡಿದ ಕಪ್ಪು ಮಣ್ಣಿನ ಬಯಲು. ಇಂದು ಆ ನಗರದ ಸತ್ಯನಾರಾಯಣಪೇಟೆಯಿಂದ ಹೊರಟ ಪ್ರಯಾಣಿಕನೊಬ್ಬನು ಬೆಂಗಳೂರನ್ನು ಸೇರಿ ವಿಮಾನವನ್ನೇರಿದರೆ ಮರುದಿನ ಲಂಡನ್ ನಗರದಲ್ಲಿರಬಹುದು. ಖಂಡದಿಂದ ಖಂಡಕ್ಕೆ ಹಾರುವುದು ಈಗ ಯಾರನ್ನೂ ಬೆರಗುಗೊಳಿಸುವ ಸಂಗತಿಯಾಗಿ ಉಳಿದಿಲ್ಲ. ಆದರೆ ತೊಂಬತ್ತು ವರ್ಷಗಳಿಗೂ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಎತ್ತಿನ ಗಾಡಿಯೇ ಹಳ್ಳಿಗರ ವಾಹನವಾಗಿದ್ದ, ರೈಲಿನ ಕೂಗೇ ದೂರದ ನಾಡಿನ ಸುದ್ದಿಯನ್ನು ಸಾರುತ್ತಿದ್ದ ಆ ಕಾಲದಲ್ಲಿ, 1932ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ, ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯ ಬಯಲಿಗೆ ಒಂದು ಪುಟ್ಟ ವಿಮಾನ ಬಂದಿಳಿಯಿತು. ಅದರಲ್ಲಿದ್ದುದು ಪ್ರಯಾಣಿಕರಲ್ಲ, ಟಪಾಲಿನ ಚೀಲ. ಸಮುದ್ರಗಳನ್ನೂ ಮರುಭೂಮಿಗಳನ್ನೂ ದಾಟಿ ಬಂದ ಕಾಗದಗಳನ್ನು ಮುಂಬಯಿಯಿಂದ ಮದರಾಸಿಗೆ ಒಯ್ಯುವ ಬಾನ ಹಾದಿಯಲ್ಲಿ ಬಳ್ಳಾರಿಯೂ ಒಂದು ತಂಗುದಾಣವಾಗಿತ್ತು.

ಹಿಂದಿನ ಕಾಲದಲ್ಲಿ ಅರಸರ ಓಲೆಗಳನ್ನು ಹೊತ್ತು ಊರಿಂದೂರಿಗೆ ಓಡುತ್ತಿದ್ದವನನ್ನು ಹರಿಕಾರನೆಂದು ಕರೆಯುತ್ತಿದ್ದರು. ದಾರಿಯಲ್ಲಿ ಮಳೆಯಿರಲಿ ಬಿಸಿಲಿರಲಿ, ಹೊತ್ತ ಓಲೆಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದೇ ಅವನ ಧರ್ಮ. ಭಾರತದ ಆಕಾಶದಲ್ಲಿ ಈ ಧರ್ಮವನ್ನು ನೆಲೆಗೊಳಿಸಿ, ಮುಂದೆ ಭಾರತದ ವಿಮಾನವು ಏಷ್ಯಾ ಖಂಡದಿಂದ ಯುರೋಪು ಖಂಡಕ್ಕೆ ಹಾರುವಂತೆ ಮಾಡಿದ ಮಹನೀಯರು ಜೆಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ. ಜೆ. ಆರ್. ಡಿ. ಎಂಬ ಮೂರಕ್ಷರಗಳಿಂದಲೇ ಅವರು ನಾಡಿನ ಮನೆಮಾತಾದರು.

ಜೆ. ಆರ್. ಡಿ. ಅವರು 1904ನೆಯ ಇಸವಿ ಜುಲೈ 29ರಂದು ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ರತನ್‌ಜಿ ದಾದಾಭಾಯಿ ಟಾಟಾ ಅವರು ಭಾರತದ ಕೈಗಾರಿಕೆಗಳಿಗೆ ಅಡಿಗಲ್ಲಿಟ್ಟ ಜಮ್‌ಶೇಟ್‌ಜಿ ಟಾಟಾ ಅವರ ಬಂಧುಗಳು, ಉದ್ಯಮದಲ್ಲಿ ಸಹಭಾಗಿಗಳು. ತಾಯಿ ಸೂಜಾನ್ ಫ್ರೆಂಚ್ ಮಹಿಳೆ. ಮದುವೆಯ ಬಳಿಕ ಸೂನಿ ಎಂಬ ಹೆಸರು ಪಡೆದವರು. ಐವರು ಮಕ್ಕಳಲ್ಲಿ ಜೆಹಾಂಗೀರ್ ಎರಡನೆಯವರು. ತಂದೆಯ ವ್ಯವಹಾರದ ನಿಮಿತ್ತ ಕುಟುಂಬವು ಫ್ರಾನ್ಸ್, ಭಾರತ, ಜಪಾನು ಎಂದು ನೆಲೆ ಬದಲಿಸುತ್ತಲೇ ಇದ್ದುದರಿಂದ ಬಾಲಕನ ವಿದ್ಯಾಭ್ಯಾಸವು ಒಂದೆಡೆ ನಿಂತು ನಡೆಯಲಿಲ್ಲ. ದೂರದೂರಿನ ಪಯಣವೆಂದರೆ ಏನು, ಒಬ್ಬರನ್ನೊಬ್ಬರು ಅಗಲಿ ಕಾಗದಕ್ಕಾಗಿ ಕಾಯುವುದೆಂದರೆ ಏನು ಎಂಬುದು ಆತನಿಗೆ ಎಳವೆಯಲ್ಲಿಯೇ ತಿಳಿದಿತ್ತು.

ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ ಹಾರ್ದೆಲೋ ಎಂಬ ಊರಿದೆ. ಬೇಸಗೆಯ ರಜೆಯನ್ನು ಕಳೆಯಲು ಟಾಟಾ ಕುಟುಂಬದವರು ಅಲ್ಲಿಗೆ ಹೋಗುತ್ತಿದ್ದರು. ಅವರ ನೆರೆಯಲ್ಲಿದ್ದವರು ಲೂಯಿ ಬ್ಲೆರಿಯೋ. 1909ನೆಯ ಇಸವಿ ಜುಲೈ 25ರಂದು ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಮೊತ್ತಮೊದಲು ದಾಟಿ ಜಗತ್ತನ್ನೇ ಬೆರಗುಗೊಳಿಸಿದ ಸಾಹಸಿ ಅವರು. ಆ ಊರಿನ ಮರಳ ದಂಡೆಯ ಮೇಲೆ ವಿಮಾನಗಳು ಇಳಿಯುವುದನ್ನೂ ಏರುವುದನ್ನೂ ನೋಡುತ್ತ ನಿಂತ ಬಾಲಕನ ಮನಸ್ಸಿನಲ್ಲಿ ಹಾರಾಟದ ಹಂಬಲ ಬೇರೂರಿತು. ಹದಿನೈದನೆಯ ವಯಸ್ಸಿನಲ್ಲಿ ಅದೇ ಊರಿನಲ್ಲಿ ವಿಮಾನವೊಂದರಲ್ಲಿ ಕುಳಿತು ಸ್ವಲ್ಪ ಹೊತ್ತು ಬಾನಿನಲ್ಲಿ ಸುತ್ತಿ ಬರುವ ಅವಕಾಶ ದೊರೆಯಿತು. ನೆಲಕ್ಕೆ ಇಳಿದಾಗ ಆತನ ಸಂಕಲ್ಪ ದೃಢವಾಗಿತ್ತು: ತಾನೂ ವಿಮಾನ ಚಾಲಕನಾಗಬೇಕು.

ಆದರೆ ಬಾಳು ಎಲ್ಲವನ್ನೂ ಕೇಳಿದೊಡನೆ ಕೊಡುವುದಿಲ್ಲ. 1923ರಲ್ಲಿ ತಾಯಿ ತೀರಿಕೊಂಡರು. ಫ್ರಾನ್ಸಿನ ಪ್ರಜೆಯಾಗಿದ್ದ ಕಾರಣ ಜೆಹಾಂಗೀರ್ ಆ ದೇಶದ ಸೈನ್ಯದಲ್ಲಿ ಒಂದು ವರ್ಷ ಕಡ್ಡಾಯದ ಸೇವೆ ಸಲ್ಲಿಸಬೇಕಾಯಿತು. ಬಳಿಕ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದುವ ಆಸೆಯಿತ್ತು. ಅಷ್ಟರಲ್ಲಿ ತಂದೆ ಭಾರತಕ್ಕೆ ಬರುವಂತೆ ಕರೆ ಕಳುಹಿಸಿದರು. 1925ರ ಕೊನೆಯಲ್ಲಿ ಮುಂಬಯಿಗೆ ಬಂದಿಳಿದ ಯುವಕನು ಟಾಟಾ ಸಂಸ್ಥೆಯಲ್ಲಿ ಸಂಬಳವಿಲ್ಲದ ಉಮೇದುವಾರನಾಗಿ ಕೆಲಸ ಕಲಿಯತೊಡಗಿದನು. ಮರುವರ್ಷವೇ ತಂದೆಯೂ ಕಣ್ಮುಚ್ಚಿದರು. ಇಪ್ಪತ್ತೆರಡರ ಹರೆಯದಲ್ಲಿ ಒಡಹುಟ್ಟಿದವರ ಭಾರವೂ ತಂದೆ ಬಿಟ್ಟುಹೋದ ಸಾಲದ ಹೊರೆಯೂ ಹೆಗಲಿಗೇರಿದವು. ವಿಶ್ವವಿದ್ಯಾನಿಲಯದ ಬಾಗಿಲು ಅವರ ಪಾಲಿಗೆ ಮುಚ್ಚಿತು. ಈ ಕೊರತೆಯನ್ನು ಜೆ. ಆರ್. ಡಿ. ಮರೆಯಲೂ ಇಲ್ಲ, ಅದಕ್ಕಾಗಿ ಕೊರಗುತ್ತ ಕೂರಲೂ ಇಲ್ಲ. ಕಚೇರಿಯ ಕೆಲಸ ಮುಗಿದ ಮೇಲೆ ರಾತ್ರಿಯೆಲ್ಲ ಗ್ರಂಥಗಳನ್ನು ಓದಿ ತಮ್ಮನ್ನು ತಾವೇ ತಿದ್ದಿಕೊಂಡರು. 1929ರಲ್ಲಿ ಫ್ರೆಂಚ್ ಪೌರತ್ವವನ್ನು ತೊರೆದು, ಭಾರತವೇ ತಮ್ಮ ನಾಡೆಂದು ನಿಶ್ಚಯಿಸಿದರು.

ಅದೇ ವರ್ಷ ಎಳವೆಯ ಕನಸೂ ಕೈಗೂಡಿತು. ಮುಂಬಯಿಯಲ್ಲಿ ವಿಮಾನ ಚಾಲನೆಯನ್ನು ಕಲಿಸುವ ಸಂಘವು ಆರಂಭವಾದಾಗ ಅಲ್ಲಿಗೆ ಸೇರಿದ ಮೊದಲಿಗರಲ್ಲಿ ಜೆ. ಆರ್. ಡಿ. ಒಬ್ಬರು. 1929ನೆಯ ಇಸವಿ ಫೆಬ್ರವರಿ 10ರಂದು ಅವರಿಗೆ ಚಾಲಕರ ಪರವಾನಗಿ ದೊರೆಯಿತು. ಭಾರತದಲ್ಲಿ ನೀಡಲಾದ ಅಂಥ ಪರವಾನಗಿಗಳಲ್ಲಿ ಅದರ ಸಂಖ್ಯೆ ಒಂದು. ಮುಂದೆ ಎಷ್ಟೋ ಪ್ರಶಸ್ತಿಗಳು ಅವರನ್ನು ಅರಸಿ ಬಂದವು. ಆದರೆ ಆ ಪುಟ್ಟ ಪತ್ರ ಕೊಟ್ಟಷ್ಟು ಸಂತೋಷವನ್ನು ಇನ್ನಾವುದೂ ಕೊಡಲಿಲ್ಲ.

ಪರವಾನಗಿ ದೊರೆತ ವರ್ಷವೇ ಆಗಾಖಾನರು ಒಂದು ಬಹುಮಾನವನ್ನು ಸಾರಿದರು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಯಾವುದೇ ದಿಕ್ಕಿನಲ್ಲಾಗಲಿ ಗೊತ್ತಾದ ಅವಧಿಯೊಳಗೆ ಒಬ್ಬಂಟಿಯಾಗಿ ಹಾರಿ ಬರುವ ಮೊದಲ ಭಾರತೀಯನಿಗೆ 500 ಪೌಂಡುಗಳ ಬಹುಮಾನ. ಆ ಕಾಲದ ವಿಮಾನಗಳಿಗೆ ದಾರಿ ತೋರುವ ರೇಡಿಯೊ ಇರಲಿಲ್ಲ. ಚಾಲಕನು ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆಳಗಿನ ಕರಾವಳಿಯನ್ನೋ ನದಿಯನ್ನೋ ರೈಲು ಹಳಿಯನ್ನೋ ಗುರುತು ಹಿಡಿದು ಸಾಗಬೇಕಿತ್ತು. ಎಂಜಿನು ಕೈಕೊಟ್ಟರೆ ಕೆಳಗೆ ಕಾದಿರುವುದು ಮರುಭೂಮಿ, ಇಲ್ಲವೇ ಕಡಲು. ಇಷ್ಟಾದರೂ ಮೂವರು ಯುವಕರು ಮುಂದೆ ಬಂದರು. ರಾವಲ್ಪಿಂಡಿಯ ಮನಮೋಹನ ಸಿಂಗ್ ಮತ್ತು ಹದಿನೇಳು ವರ್ಷದ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಭಾರತದ ಕಡೆಗೆ ಹೊರಟರು. ಜೆ. ಆರ್. ಡಿ. ಅವರು 1930ನೆಯ ಇಸವಿ ಮೇ 3ರಂದು ಕರಾಚಿಯಿಂದ ಇಂಗ್ಲೆಂಡಿನ ಕಡೆಗೆ ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಹೊರಟರು.

ಪರ್ಷಿಯಾದ ಕರಾವಳಿಯನ್ನೂ ಅರಬರ ಮರಳುಗಾಡನ್ನೂ ದಾಟಿ ಜೆ. ಆರ್. ಡಿ. ಈಜಿಪ್ಟ್ ದೇಶದ ಅಬೂಕೀರ್ ಎಂಬಲ್ಲಿಗೆ ಬಂದು ಇಳಿದರು. ಅಲ್ಲಿ ಮತ್ತೊಂದು ಜಿಪ್ಸಿ ಮಾತ್ ನಿಂತಿತ್ತು. ಅದು ಎದುರು ದಿಕ್ಕಿನಿಂದ ಬರುತ್ತಿದ್ದ ಆಸ್ಪಿಯ ವಿಮಾನ. ಎಂಜಿನಿನಲ್ಲಿ ಇಂಧನಕ್ಕೆ ಕಿಡಿ ಹೊತ್ತಿಸುವ ಪ್ಲಗ್ಗುಗಳು ಕೆಟ್ಟು, ಬದಲಿ ಪ್ಲಗ್ಗುಗಳಿಲ್ಲದೆ ಆ ತರುಣನು ದಿಕ್ಕುತೋಚದೆ ಕುಳಿತಿದ್ದನು. ಜೆ. ಆರ್. ಡಿ. ಅವರ ಬಳಿ ಹೆಚ್ಚಿನ ಪ್ಲಗ್ಗುಗಳಿದ್ದವು. ಇವರು ಸುಮ್ಮನೆ ಮುಂದೆ ಹೊರಟಿದ್ದರೆ ಬಹುಮಾನವು ಬಹುಮಟ್ಟಿಗೆ ಇವರದೇ ಆಗುತ್ತಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅಲ್ಲದೆ ಮುಂದಿನ ದಾರಿಯಲ್ಲಿ ತಮ್ಮ ಎಂಜಿನೇ ಕೆಟ್ಟರೆ ಎಂಬ ಅಂಜಿಕೆಗೂ ಎಡೆಯಿತ್ತು. ಆದರೂ ಅವರು ಹಿಂದುಮುಂದು ನೋಡದೆ ತಮ್ಮಲ್ಲಿದ್ದ ಪ್ಲಗ್ಗುಗಳನ್ನು ಆಸ್ಪಿಗೆ ಕೊಟ್ಟರು. ಇಬ್ಬರೂ ತಮ್ಮ ತಮ್ಮ ದಿಕ್ಕಿಗೆ ಹಾರಿದರು. ಆಸ್ಪಿ ಕರಾಚಿಯನ್ನು ಮೊದಲು ಮುಟ್ಟಿದನು, ಜೆ. ಆರ್. ಡಿ. ಲಂಡನ್ನಿನ ಕ್ರಾಯ್ಡನ್ ನಿಲ್ದಾಣವನ್ನು ಸೇರುವ ಹೊತ್ತಿಗೆ ಪಂದ್ಯ ಮುಗಿದಿತ್ತು. ಮನಮೋಹನ ಸಿಂಗರು ಗುರಿ ಸೇರಿದರೂ ಅವಧಿ ಮೀರಿದ್ದರಿಂದ ಬಹುಮಾನವು ಆಸ್ಪಿಯ ಪಾಲಾಯಿತು.

ಸೋತವರು ಸೋಲನ್ನು ನಗುತ್ತ ಒಪ್ಪಿಕೊಂಡರು. ಗೆದ್ದ ಆಸ್ಪಿ ಮುಂದೆ ವಾಯುಸೇನೆಯನ್ನು ಸೇರಿ, ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಮುಖ್ಯಸ್ಥರಾಗಿ ದುಡಿದು, 1960ರಲ್ಲಿ ಭಾರತದ ವಾಯುಸೇನೆಯ ದಂಡನಾಯಕರಾದರು. ಮರುಭೂಮಿಯ ಅಂಚಿನಲ್ಲಿ ಕೈಬದಲಾದ ಆ ಪ್ಲಗ್ಗುಗಳ ಬೆಲೆಯನ್ನು ಹಣದಿಂದ ಅಳೆಯಲಾದೀತೆ?

ಈ ಹಾರಾಟದಿಂದ ಜೆ. ಆರ್. ಡಿ. ಅವರಿಗೆ ಒಂದು ಮಾತು ಮನದಟ್ಟಾಯಿತು. ಕರಾಚಿಗೂ ಲಂಡನ್ನಿಗೂ ನಡುವಣ ಬಾನ ದಾರಿ ಸಾಹಸಿಗಳಿಗೆ ಮಾತ್ರ ಮೀಸಲಾಗಿ ಉಳಿಯಬಾರದು, ಅದು ಜನರಿಗೆ ನಿತ್ಯವೂ ಒದಗಬೇಕು. ಆ ಕೆಲಸ ಆಗಲೇ ಒಂದಿಷ್ಟು ನಡೆದಿತ್ತು. 1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಎಂಬ ಬ್ರಿಟಿಷ್ ಸಂಸ್ಥೆ ಲಂಡನ್ನಿನಿಂದ ಕರಾಚಿಗೆ ವಾರಕ್ಕೊಮ್ಮೆ ಟಪಾಲು ಸಾಗಿಸಲು ಆರಂಭಿಸಿತ್ತು. ಟಪಾಲಿನ ಚೀಲ ನಡುವೆ ಸ್ವಲ್ಪ ದೂರ ರೈಲಿನಲ್ಲಿಯೂ, ಮೆಡಿಟರೇನಿಯನ್ ಸಮುದ್ರದ ಮೇಲೆ ನೀರಿನಲ್ಲಿಳಿಯುವ ವಿಮಾನದಲ್ಲಿಯೂ ಸಾಗಿ ಏಳು ದಿನಗಳಲ್ಲಿ ಕರಾಚಿಯನ್ನು ಸೇರುತ್ತಿತ್ತು. ಆದರೆ ಅಲ್ಲಿಂದ ಮುಂದೆ? ಮುಂಬಯಿಗೂ ಮದರಾಸಿಗೂ ಹೋಗಬೇಕಾದ ಕಾಗದಗಳು ರೈಲನ್ನೇರಿ ನಿಧಾನವಾಗಿ ತೆವಳುತ್ತಿದ್ದವು. ಆಕಾಶದಲ್ಲಿ ಗಳಿಸಿದ ಸಮಯವೆಲ್ಲ ನೆಲದ ಮೇಲೆ ಸೋರಿಹೋಗುತ್ತಿತ್ತು.

ಈ ಕೊರತೆಯನ್ನು ಕಂಡವರು ನೆವಿಲ್ ವಿನ್ಸೆಂಟ್. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಬ್ರಿಟಿಷ್ ವಾಯುಪಡೆಯಲ್ಲಿ ಶೌರ್ಯಪದಕ ಪಡೆದಿದ್ದ ಈ ಚಾಲಕರು ಭಾರತದಲ್ಲಿ ಊರೂರು ಸುತ್ತಿ ವಿಮಾನ ಪ್ರದರ್ಶನ ನೀಡಿದ್ದರು. ನಾಡಿನ ನೆಲ ಬಾನುಗಳೆರಡನ್ನೂ ಬಲ್ಲವರಾಗಿದ್ದರು. ಕರಾಚಿಯಿಂದ ಮುಂಬಯಿ, ಅಲ್ಲಿಂದ ಬಳ್ಳಾರಿಯ ಮೂಲಕ ಮದರಾಸು—ಹೀಗೊಂದು ಟಪಾಲು ಮಾರ್ಗದ ಯೋಜನೆಯೊಡನೆ ಅವರು ಜೆ. ಆರ್. ಡಿ. ಅವರನ್ನು ಕಂಡರು. ಇಬ್ಬರ ಮನಸ್ಸುಗಳೂ ಒಡನೆಯೇ ಕೂಡಿದವು. ಆದರೆ ಹಣ ಹಾಕಬೇಕಾದವರು ಟಾಟಾ ಸಂಸ್ಥೆಯ ಅಧ್ಯಕ್ಷರಾದ ಸರ್ ದೊರಾಬ್ಜಿ ಟಾಟಾ. ವಯಸ್ಸಾಗಿದ್ದ ಅವರಿಗೆ ಈ ಹೊಸ ಸಾಹಸದಲ್ಲಿ ನಂಬಿಕೆಯಿರಲಿಲ್ಲ. ಜೆ. ಆರ್. ಡಿ. ಅವರ ಮಾರ್ಗದರ್ಶಕರಾಗಿದ್ದ ಜಾನ್ ಪೀಟರ್‌ಸನ್ ಮಧ್ಯೆ ನಿಂತು ಮನವೊಲಿಸಿದರು. ಎರಡು ಲಕ್ಷ ರೂಪಾಯಿಗಳ ಬಂಡವಾಳಕ್ಕೆ ಒಪ್ಪಿಗೆ ದೊರೆಯಿತು. ಸರ್ಕಾರದ ಒಪ್ಪಿಗೆ ಇನ್ನೂ ತಡವಾಯಿತು. ಸಹಾಯಧನವನ್ನು ಕೊಡಲಾಗದೆಂದು ಸರ್ಕಾರವು ಯೋಜನೆಯನ್ನು ಹಿಂದಿರುಗಿಸಿದಾಗಲೆಲ್ಲ ಇಬ್ಬರು ಗೆಳೆಯರೂ ಬೇಸರಿಸದೆ ಲೆಕ್ಕವನ್ನು ತಿದ್ದಿ ಮತ್ತೆ ಕಳುಹಿಸಿದರು. ಕೊನೆಗೆ ಸಹಾಯಧನವೇ ಬೇಡ, ಸಾಗಿಸಿದ ಟಪಾಲಿಗೆ ತಕ್ಕ ಕೂಲಿ ಸಾಕೆಂದು ಒಪ್ಪಿಕೊಂಡ ಮೇಲೆ 1932ರ ಏಪ್ರಿಲಿನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತು.

1932ನೆಯ ಇಸವಿ ಅಕ್ಟೋಬರ್ 15ರ ಬೆಳಗಿನ ಜಾವ. ಕರಾಚಿಯ ದ್ರಿಘ್ ರಸ್ತೆಯ ವಿಮಾನ ನಿಲ್ದಾಣದಿಂದ ಜೆ. ಆರ್. ಡಿ. ಒಬ್ಬರೇ ಪುಸ್ ಮಾತ್ ಎಂಬ ಒಂಟಿ ಎಂಜಿನಿನ ವಿಮಾನವನ್ನೇರಿ ಹೊರಟರು. ಜೊತೆಗಿದ್ದುದು 55 ಪೌಂಡು ತೂಕದ ಟಪಾಲು. ಗಂಟೆಗೆ ಸುಮಾರು ನೂರು ಮೈಲಿ ವೇಗದಲ್ಲಿ ಹಾರಿ ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲಿನ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಸಾವಿರಾರು ವರ್ಷಗಳಿಂದ ನಾಡಿನ ಹೊರೆ ಹೊತ್ತ ಎತ್ತಿನ ಗಾಡಿ, ಅಂದು ಬಂದ ಹೊಸ ವಾಹನಕ್ಕೆ ಉಣಿಸು ತಂದಿತು! ಮಧ್ಯಾಹ್ನ ಎರಡು ಗಂಟೆಗೆ ಇನ್ನೂ ಹತ್ತು ನಿಮಿಷಗಳಿರುವಾಗ ಪುಸ್ ಮಾತ್ ಮುಂಬಯಿಯ ಜುಹು ಬಯಲಿನಲ್ಲಿ ಇಳಿಯಿತು. ಅಲ್ಲಿ ಮತ್ತೊಂದು ಪುಸ್ ಮಾತ್‌ನೊಡನೆ ವಿನ್ಸೆಂಟ್ ಸಿದ್ಧರಾಗಿದ್ದರು. ಮುಂದಿನ ಊರುಗಳ ಟಪಾಲನ್ನು ಹೊತ್ತು ಅವರು ಪಶ್ಚಿಮ ಘಟ್ಟಗಳನ್ನು ದಾಟಿ ಬಳ್ಳಾರಿಯ ದಿಕ್ಕಿಗೆ ಹಾರಿದರು.

ಮುಂಬಯಿಯಿಂದ ಮದರಾಸಿಗೆ ಒಂದೇ ಹಾರಾಟದಲ್ಲಿ ಹೋಗುವಷ್ಟು ಇಂಧನ ಆ ಪುಟ್ಟ ವಿಮಾನದಲ್ಲಿ ಹಿಡಿಸುತ್ತಿರಲಿಲ್ಲ. ಹಗಲಿನ ಬೆಳಕೂ ಅಷ್ಟು ದೂರಕ್ಕೆ ಸಾಲುತ್ತಿರಲಿಲ್ಲ. ನಡುದಾರಿಯಲ್ಲಿ ಸಮತಟ್ಟಾದ ಬಯಲು ಬೇಕು. ರೈಲಿನ ಸಂಪರ್ಕ ಬೇಕು. ದೂರದಿಂದಲೇ ಚಾಲಕನ ಕಣ್ಣಿಗೆ ಬೀಳುವ ಗುರುತು ಬೇಕು. ಬಳ್ಳಾರಿಗೆ ಈ ಮೂರೂ ಇದ್ದವು. ಬಯಲಿನ ನಡುವೆ ಎದ್ದು ನಿಂತ ಬೆಟ್ಟವು ಬಾನಿನಿಂದ ಬರುವವನಿಗೆ ದೀಪಸ್ತಂಭದಂತೆ ಕಾಣುವಂಥದು. ವಿನ್ಸೆಂಟ್ ಬಳ್ಳಾರಿಯಲ್ಲಿ ಇಳಿದು ತಂಗಿ ಮರುದಿನ ಮದರಾಸನ್ನು ಮುಟ್ಟಿದರು. ಹೀಗೆ ಲಂಡನ್ನಿನಿಂದ ಹೊರಟ ಕಾಗದವು ಮದರಾಸಿನವರೆಗೂ ಬಾನಿನಲ್ಲೇ ಬರುವ ಸರಪಳಿ ಪೂರ್ಣವಾಯಿತು; ಅದರ ಕೊಂಡಿಗಳಲ್ಲಿ ಬಳ್ಳಾರಿಯೂ ಒಂದಾಯಿತು.

ಹೊಸ ಸಂಸ್ಥೆಯ ಸಂಪತ್ತೆಂದರೆ ಎರಡು ಪುಟ್ಟ ವಿಮಾನಗಳು, ಜುಹುವಿನಲ್ಲಿ ಗರಿ ಹೊದಿಸಿದ ಒಂದು ಕೊಟ್ಟಿಗೆ, ಬೆರಳೆಣಿಕೆಯ ಕೆಲಸಗಾರರು. ಮಳೆಗಾಲ ಬಂದೊಡನೆ ಜುಹು ಬಯಲು ನೀರಿನಲ್ಲಿ ಮುಳುಗುತ್ತಿತ್ತು. ಆಗ ಇಡೀ ಸಂಸ್ಥೆಯೇ ಪುಣೆಗೆ ವಲಸೆ ಹೋಗುತ್ತಿತ್ತು. ಘಟ್ಟಗಳ ಮೇಲೆ ಮೋಡ ಕವಿದು ದಾರಿಯೇ ಕಾಣದ ದಿನಗಳಲ್ಲಿಯೂ ವಿಮಾನಗಳು ಹೊರಡುವ ಹೊತ್ತಿಗೆ ಹೊರಟವು, ಸೇರುವ ಹೊತ್ತಿಗೆ ಸೇರಿದವು. ಮೊದಲ ವರ್ಷದಲ್ಲಿ ಅವು ಹಾರಿದ ದೂರ ಸುಮಾರು 1,60,000 ಮೈಲಿ. ಸಾಗಿಸಿದ ಟಪಾಲು ಹತ್ತು ಟನ್ನುಗಳಿಗೂ ಮಿಗಿಲು. ಟಪಾಲಿನ ಚೀಲಗಳ ನಡುವೆ ಕುಳಿತು ಪಯಣಿಸಿದವರು 155 ಮಂದಿ. ಇಡೀ ವರ್ಷ ಹೊತ್ತು ತಪ್ಪದೆ ನಡೆದ ಈ ಸೇವೆಯನ್ನು ಸರ್ಕಾರದ ವಿಮಾನಯಾನ ಇಲಾಖೆಯೇ ಮುಕ್ತಕಂಠದಿಂದ ಹೊಗಳಿತು.

ಕೆಲವು ಕಾಲದ ಮೇಲೆ ಮದರಾಸಿನ ಮಾರ್ಗವು ಹೈದರಾಬಾದಿನ ಮೂಲಕ ಸಾಗತೊಡಗಿದುದರಿಂದ ಬಳ್ಳಾರಿಯ ತಂಗುದಾಣದ ಕೆಲಸ ಮುಗಿಯಿತು. ಸಂಸ್ಥೆ ಮಾತ್ರ ಬೆಳೆಯುತ್ತ ತಿರುವನಂತಪುರ, ದೆಹಲಿ, ಕೊಲಂಬೊ ನಗರಗಳವರೆಗೆ ರೆಕ್ಕೆ ಚಾಚಿತು. 1938ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಜೆ. ಆರ್. ಡಿ. ಅವರು ಇಡೀ ಟಾಟಾ ಉದ್ಯಮಗಳ ಅಧ್ಯಕ್ಷರಾದರು. ಉಕ್ಕು, ವಿದ್ಯುತ್ತು, ರಸಾಯನ—ಎಷ್ಟೋ ಉದ್ಯಮಗಳ ಹೊಣೆ ಹೊತ್ತರೂ ಅವರ ಹೃದಯ ನೆಲೆಸಿದ್ದುದು ವಿಮಾನಗಳಲ್ಲಿ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಸಿಡಿಯಿತು. 1942ರ ಜನವರಿಯಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಮರಳುತ್ತಿದ್ದ ವಿನ್ಸೆಂಟ್ ಅವರ ವಿಮಾನವನ್ನು ಶತ್ರುಗಳು ಫ್ರಾನ್ಸಿನ ತೀರದ ಬಳಿ ಹೊಡೆದುರುಳಿಸಿದರು. ಬಳ್ಳಾರಿಯ ಬಯಲಿಗೆ ಟಪಾಲಿನ ಚೀಲ ತಂದಿಳಿಸಿದ ಆ ಧೀರನು ಎರಡು ಖಂಡಗಳ ನಡುವಣ ಹಾದಿಯಲ್ಲಿಯೇ ಅಳಿದನು. ಗೆಳೆಯನನ್ನು ಕಳೆದುಕೊಂಡ ಜೆ. ಆರ್. ಡಿ. ಇಬ್ಬರೂ ಕಂಡ ಕನಸನ್ನು ಒಬ್ಬರೇ ಹೊತ್ತು ನಡೆಯಬೇಕಾಯಿತು.

ಯುದ್ಧ ಮುಗಿದ ಮೇಲೆ 1946ರಲ್ಲಿ ಟಾಟಾ ಏರ್‌ಲೈನ್ಸ್ ಸಂಸ್ಥೆಯು ಏರ್ ಇಂಡಿಯಾ ಎಂಬ ಹೊಸ ಹೆಸರು ತಳೆಯಿತು. ಮರುವರ್ಷ ದೇಶ ಸ್ವತಂತ್ರವಾಯಿತು. ಸ್ವತಂತ್ರ ರಾಷ್ಟ್ರದ ಬಾವುಟವು ಜಗತ್ತಿನ ಆಕಾಶದಲ್ಲಿ ಹಾರಬೇಕೆಂಬುದು ಜೆ. ಆರ್. ಡಿ. ಅವರ ಹೆಬ್ಬಯಕೆ. ಸರ್ಕಾರವೂ ಟಾಟಾ ಸಂಸ್ಥೆಯೂ ಸಾರ್ವಜನಿಕರೂ ಕೂಡಿ ಬಂಡವಾಳ ಹೂಡುವ ಯೋಜನೆಯನ್ನು ಅವರು ಮುಂದಿಟ್ಟರು. ಸರ್ಕಾರವು ತಡಮಾಡದೆ ಒಪ್ಪಿತು. ಹೀಗೆ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಹುಟ್ಟಿತು. 1948ನೆಯ ಇಸವಿ ಜೂನ್ 8ರ ರಾತ್ರಿ ಮಲಬಾರ್ ಪ್ರಿನ್ಸೆಸ್ ಎಂಬ ಹೆಸರಿನ, ನಾಲ್ಕು ಎಂಜಿನುಗಳ ಕಾನ್‌ಸ್ಟಲೇಷನ್ ವಿಮಾನವು 35 ಮಂದಿ ಪ್ರಯಾಣಿಕರೊಡನೆ ಮುಂಬಯಿಯಿಂದ ಮೇಲೇರಿತು. ಪ್ರಯಾಣಿಕರ ನಡುವೆ ಜೆ. ಆರ್. ಡಿ. ಅವರೂ ಇದ್ದರು. ಕೈರೋ, ಜಿನೀವಾ ನಗರಗಳಲ್ಲಿ ಇಳಿದು, ಸುಮಾರು ಐದು ಸಾವಿರ ಮೈಲಿಗಳನ್ನು ಕ್ರಮಿಸಿ, ಜೂನ್ 10ರ ಬೆಳಿಗ್ಗೆ ಅದು ಲಂಡನ್ ನಗರದಲ್ಲಿ ಇಳಿಯಿತು. ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಪಯಣವದು. ಹದಿನೆಂಟು ವರ್ಷಗಳ ಹಿಂದೆ ಪುಟ್ಟ ವಿಮಾನದಲ್ಲಿ ಒಬ್ಬಂಟಿಯಾಗಿ ಸಾಗಿ, ಪಂದ್ಯದಲ್ಲಿ ಸೋತು ಲಂಡನ್ ಸೇರಿದ್ದ ತರುಣನು ಈಗ ತನ್ನ ನಾಡಿನ ಜನರನ್ನೇ ಜೊತೆಗೆ ಕರೆತಂದಿದ್ದನು.

ಈ ಯಶಸ್ಸಿನ ಬೆನ್ನಿಗೇ ದುಃಖವೂ ಬಂದೆರಗಿತು. 1950ನೆಯ ಇಸವಿ ನವೆಂಬರ್ 3ರಂದು ಅದೇ ಮಲಬಾರ್ ಪ್ರಿನ್ಸೆಸ್ ವಿಮಾನವು ಯುರೋಪಿನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿ ಅದರಲ್ಲಿದ್ದ 48 ಮಂದಿಯೂ ಮಡಿದರು. ದೂರದ ಹಾರಾಟದಲ್ಲಿ ಪ್ರತಿಯೊಂದು ಪ್ರಾಣವೂ ಸಂಸ್ಥೆಯ ಕೈಗೆ ಒಪ್ಪಿಸಿದ ಒತ್ತೆ ಎಂಬ ಸತ್ಯವನ್ನು ಈ ದುರಂತವು ಕಠೋರವಾಗಿ ನೆನಪಿಸಿತು. ಜೆ. ಆರ್. ಡಿ. ಅವರ ದೃಷ್ಟಿಯಲ್ಲಿ ಸಣ್ಣದು ಎಂಬ ಕೆಲಸವೇ ಇರಲಿಲ್ಲ. ತಮ್ಮ ವಿಮಾನದಲ್ಲಿ ಪಯಣಿಸಿದಾಗಲೆಲ್ಲ ಅವರು ಕಂಡ ಕುಂದುಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಕಿಟಕಿಯ ಪರದೆ ಸರಿಯಿಲ್ಲದಿದ್ದರೂ, ಚಹದ ಬಣ್ಣ ಕಾಫಿಯ ಬಣ್ಣದಂತಿದ್ದರೂ ಅದು ಅವರ ಟಿಪ್ಪಣಿಯಲ್ಲಿ ಸೇರುತ್ತಿತ್ತು. ಚಿಕ್ಕ ತಪ್ಪನ್ನು ಸಹಿಸಿದವರು ನಾಳೆ ದೊಡ್ಡ ತಪ್ಪನ್ನೂ ಸಹಿಸುತ್ತಾರೆ ಎಂಬುದನ್ನು ಅವರು ಅರಿತಿದ್ದರು.

1953ರಲ್ಲಿ ಅವರ ಬಾಳಿನ ದೊಡ್ಡ ಪರೀಕ್ಷೆ ಎದುರಾಯಿತು. ದೇಶದ ವಿಮಾನ ಸಂಸ್ಥೆಗಳನ್ನೆಲ್ಲ ಸರ್ಕಾರವು ರಾಷ್ಟ್ರೀಕರಣ ಮಾಡಿತು. ತಾವು ಕಟ್ಟಿದ ಸಂಸ್ಥೆ ಕೈಬಿಟ್ಟುಹೋಗುವುದಷ್ಟೇ ಅಲ್ಲ, ಈ ನಿರ್ಧಾರವನ್ನು ತಮ್ಮೊಡನೆ ಸರಿಯಾಗಿ ಸಮಾಲೋಚಿಸದೆ ಕೈಗೊಂಡರೆಂಬ ನೋವು ಜೆ. ಆರ್. ಡಿ. ಅವರಿಗೆ ಬಹಳವಾಯಿತು. ಅದನ್ನು ಅವರು ಮುಚ್ಚಿಡಲಿಲ್ಲ. ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೇ ನೇರವಾಗಿ ತಿಳಿಸಿದರು. ನೆಹರೂ ಅವರು ಹೊಸ ಸರ್ಕಾರಿ ಸಂಸ್ಥೆಯ ಅಧ್ಯಕ್ಷತೆಯನ್ನು ವಹಿಸಿಕೊಳ್ಳುವಂತೆ ಕೇಳಿಕೊಂಡರು. ಕಸಿದುಕೊಂಡವರ ಕೈಕೆಳಗೇ ಕೆಲಸ ಮಾಡಬೇಕೆ ಎಂದು ಇನ್ನೊಬ್ಬರಾಗಿದ್ದರೆ ಮುಖ ತಿರುಗಿಸುತ್ತಿದ್ದರು. ಜೆ. ಆರ್. ಡಿ. ಮಾತ್ರ ಸಹೋದ್ಯೋಗಿಗಳೊಡನೆ ಕುಳಿತು ಆಲೋಚಿಸಿದರು. ಒಡೆತನ ಯಾರದಾದರೇನು? ವಿಮಾನದ ಮೇಲಿರುವುದು ಭಾರತದ ಹೆಸರು. ಅದರ ಮಾನ ಕುಂದಬಾರದು. ಅವರು ಆ ಹೊಣೆಯನ್ನು ಒಪ್ಪಿಕೊಂಡರು. ಮುಂದಿನ ಇಪ್ಪತ್ತೈದು ವರ್ಷಗಳ ಕಾಲ ಸಂಬಳವಿಲ್ಲದೆ ದುಡಿದರು. ಒಡೆಯರಾಗಿದ್ದಾಗ ತೋರಿದ ಶ್ರದ್ಧೆಯಲ್ಲಿ ಎಳ್ಳಷ್ಟೂ ಕೊರತೆಯಾಗಲಿಲ್ಲ.

ಆ ಕಾಲದಲ್ಲಿ ಏರ್ ಇಂಡಿಯಾ ಸಂಸ್ಥೆಯ ಕೀರ್ತಿ ಉತ್ತುಂಗಕ್ಕೇರಿತು. 1960ರಲ್ಲಿ ಜೆಟ್ ಎಂಜಿನಿನ ಬೋಯಿಂಗ್ 707 ವಿಮಾನಗಳು ಬಂದವು. ಅದೇ ವರ್ಷ ಮೇ ತಿಂಗಳಿನಲ್ಲಿ ಲಂಡನ್ನಿನ ಹಾದಿಯು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ನ್ಯೂಯಾರ್ಕ್ ನಗರವನ್ನು ಮುಟ್ಟಿತು. 1962ರ ಹೊತ್ತಿಗೆ ಹಳೆಯ ವಿಮಾನಗಳೆಲ್ಲ ನಿವೃತ್ತವಾಗಿ, ಜೆಟ್ ವಿಮಾನಗಳಿಂದಲೇ ನಡೆಯುವ ಸಂಸ್ಥೆಯೆಂಬ ಹೆಗ್ಗಳಿಕೆ ಏರ್ ಇಂಡಿಯಾ ಸಂಸ್ಥೆಗೆ ಸಂದಿತು. ಸಿರಿವಂತ ರಾಷ್ಟ್ರಗಳ ಸಂಸ್ಥೆಗಳೊಡನೆ ಬಡರಾಷ್ಟ್ರವೊಂದರ ಸಂಸ್ಥೆ ಸರಿಸಮನಾಗಿ ನಿಂತಿತು.

1978ರ ಫೆಬ್ರವರಿಯಲ್ಲಿ ಸರ್ಕಾರವು ಜೆ. ಆರ್. ಡಿ. ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿತು. ಈ ಸುದ್ದಿ ಸರ್ಕಾರದ ಪತ್ರದಿಂದ ತಿಳಿಯುವ ಮೊದಲೇ ಆ ಸ್ಥಾನಕ್ಕೆ ನೇಮಕವಾದವರ ಬಾಯಿಂದಲೇ ಅವರಿಗೆ ತಿಳಿಯಿತು. ನಲವತ್ತಾರು ವರ್ಷ ಸಾಕಿ ಬೆಳೆಸಿದ ಮಗುವನ್ನು ಅಗಲುವ ಗಳಿಗೆ ಹೀಗೆ ಬಂದುದು ಅವರ ಮನಸ್ಸನ್ನು ಗಾಯಗೊಳಿಸಿತು. ಆದರೂ ಸಂಸ್ಥೆಯ ಹಿತವನ್ನು ಬಯಸುವುದನ್ನು ಅವರು ಬಿಡಲಿಲ್ಲ. 1980ರಲ್ಲಿ ಆಡಳಿತ ಮಂಡಲಿಯ ಸದಸ್ಯರಾಗಿ ಮತ್ತೆ ಬರುವಂತೆ ಕರೆ ಬಂದಾಗ, ಅಧ್ಯಕ್ಷ ಪದವಿ ಇಲ್ಲದಿದ್ದರೂ ಮರಳಿ ಬಂದರು.

1982ನೆಯ ಇಸವಿ ಅಕ್ಟೋಬರ್ 15ರಂದು, ಮೊದಲ ಟಪಾಲು ಹಾರಾಟಕ್ಕೆ ಐವತ್ತು ವರ್ಷ ತುಂಬಿದ ದಿನ, ಎಪ್ಪತ್ತೆಂಟರ ವೃದ್ಧರೊಬ್ಬರು ಕರಾಚಿಯಲ್ಲಿ ಲೆಪರ್ಡ್ ಮಾತ್ ಎಂಬ ಹಳೆಯ ಒಂಟಿ ಎಂಜಿನಿನ ವಿಮಾನವನ್ನೇರಿದರು. ಅಂದು ಹಾರಿದ ಹಾದಿಯಲ್ಲಿಯೇ ಅಹಮದಾಬಾದಿನ ಮೂಲಕ ಒಬ್ಬರೇ ಹಾರಿ ಮುಂಬಯಿಯ ಜುಹುವಿನಲ್ಲಿ ಇಳಿದರು. ಕೀರ್ತಿಯ ಹಂಬಲ ಆ ವಯಸ್ಸಿನಲ್ಲಿ ಅವರಿಗಿರಲಿಲ್ಲ. ಎಳೆಯರಲ್ಲಿ ಸಾಹಸದ ಕಿಡಿ ಆರದಿರಲಿ ಎಂಬುದೇ ಆ ಹಾರಾಟದ ಉದ್ದೇಶವಾಗಿತ್ತು.

ಜೆ. ಆರ್. ಡಿ. ಅವರ ಸೇವೆ ವಿಮಾನಗಳಿಗಷ್ಟೇ ಸೀಮಿತವಾಗಿರಲಿಲ್ಲ. ಹೋಮಿ ಭಾಭಾ ಅವರ ಕೋರಿಕೆಗೆ ಬೆಂಬಲ ನೀಡಿ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹುಟ್ಟಲು ಅವರು ನೆರವಾದರು. ಆ ಸಂಸ್ಥೆ ಮೊದಲು ಕಣ್ತೆರೆದುದು ಬೆಂಗಳೂರಿನಲ್ಲಿ. ಅದೇ ನಗರದಲ್ಲಿ 1988ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ ಅವರ ಚಿಂತನೆಯ ಫಲವೇ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಲಾಗದ ವ್ಯಕ್ತಿ ಇತರರ ಕಲಿಕೆಗಾಗಿ ಬಾಗಿಲುಗಳನ್ನು ತೆರೆದುದು ಗಮನಾರ್ಹ. 1992ರಲ್ಲಿ ರಾಷ್ಟ್ರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. 1993ನೆಯ ಇಸವಿ ನವೆಂಬರ್ 29ರಂದು ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ, ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದರು. ಹುಟ್ಟಿದೂರಾದ ಪ್ಯಾರಿಸ್ಸಿನಲ್ಲಿ ಅವರ ಸಮಾಧಿಯಿದೆ.

ಅವರು ತೀರಿಕೊಂಡ ಇಪ್ಪತ್ತೆಂಟು ವರ್ಷಗಳ ಮೇಲೆ, 2022ನೆಯ ಇಸವಿ ಜನವರಿ 27ರಂದು, ಏರ್ ಇಂಡಿಯಾ ಮತ್ತೆ ಟಾಟಾ ಸಂಸ್ಥೆಯ ಕೈ ಸೇರಿತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಜೆ. ಆರ್. ಡಿ. ಅವರಿಗಿರಲಿಲ್ಲ. ಆದರೆ ಅವರ ಬಾಳಿನ ಹಿರಿಮೆಯನ್ನು ಒಡೆತನದ ಲೆಕ್ಕದಲ್ಲಿ ಹುಡುಕಬೇಕಾಗಿಲ್ಲ. ಬಹುಮಾನ ಕೈತಪ್ಪಿತು, ಗೆಳೆಯ ಅಗಲಿದನು, ಕಟ್ಟಿದ ಸಂಸ್ಥೆ ಸರ್ಕಾರದ ಪಾಲಾಯಿತು, ಪದವಿಯೂ ಹೋಯಿತು. ಪ್ರತಿಯೊಂದು ಸಲವೂ ಅವರು ಕೇಳಿಕೊಂಡುದು ತಮಗೆ ದಕ್ಕಿದ್ದೇನು ಎಂದಲ್ಲ, ಮುಟ್ಟಿಸಬೇಕಾದುದು ಮುಟ್ಟಿತೇ ಎಂದು. ಹರಿಕಾರನಿಗೆ ತಾನು ಹೊತ್ತ ಓಲೆ ತನ್ನದಲ್ಲವೆಂಬುದು ಗೊತ್ತು. ಆದರೂ ಅದನ್ನು ತನ್ನ ಪ್ರಾಣದಂತೆ ಕಾಪಾಡುತ್ತಾನೆ. ಸತ್ಯನಾರಾಯಣಪೇಟೆಯ ಮನೆಯಂಗಳದಲ್ಲಿ ನಿಂತ ವಿದ್ಯಾರ್ಥಿಯೊಬ್ಬನು ಬಾನೆತ್ತರದಲ್ಲಿ ಸಾಗುವ ವಿಮಾನದ ಬಿಳಿಯ ಗೆರೆಯನ್ನು ಕಂಡಾಗ, ಆ ಎತ್ತರದ ಹಾದಿಯ ಒಂದು ಮೆಟ್ಟಿಲು ತನ್ನೂರಿನ ಕಪ್ಪು ಮಣ್ಣಿನ ಬಯಲಿನಲ್ಲಿಯೂ ಇತ್ತೆಂಬುದನ್ನು ನೆನೆಯಬಹುದು.